ರಾಮದುರ್ಗದ ಬಸ್ಸಿನಲ್ಲಿ ಪ್ರವೇಶ ಪರೀಕ್ಷೆ

ನಮ್ಮ ಗೈಡ್ ಸಾಹೇಬರಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಸರಿಯಿದೆ ಎಂದವರನ್ನಂತೂ ಇದುವರೆಗೆ ಕಂಡಿಲ್ಲ! ವಿಶ್ವವಿದ್ಯಾಲಯದ ಬೇರೆ ಸಂಶೋಧನಾ ತಂಡಗಳಿಗೆ ಹೊಸಬರು ಬಂದರೆ ಚಹಾ ಕುಡಿಸಿ, ಕುರ್ಚಿ ತೋರಿಸುತ್ತಾರೆ. ಮಣ್ಣಿನ ಸಂಶೋಧನೆಯ ನಮ್ಮ ತಂಡದಲ್ಲಿ? ಸವದತ್ತಿಯಿಂದ ರಾಮದುರ್ಗದ ಬಸ್ ಹತ್ತಿಸುತ್ತಾರೆ! ಪಕ್ಕದಲ್ಲಿ ಕುಳಿತವರಿಗೆ ತನ್ನ ವಿಷಯವನ್ನು ತಿಳಿಯುವಂತೆ ಹೇಳಬೇಕು. ಅವರು ನಿದ್ದೆ ಹೋದರೆ ಹೊಸಬನೂ ಮನೆಗೆ ಹೋದಂತೆಯೇ.

ಸಾಹೇಬರು ಹಿಂದಿನ ಸೀಟಿನಲ್ಲಿ ಟವೆಲ್ ಮುಸುಕು ಹಾಕಿಕೊಂಡು ಕದ್ದು ಕೇಳುತ್ತಾರೆ. ಎಂಥ ಗುಟ್ಟು! ಕಂಡಕ್ಟರ್ ಇಡೀ ಬಸ್ಸಿಗೆ ಕೇಳುವಂತೆ, "ಸರ್, ಇವತ್ತ ಯಾರದ್ರಿ ಪರೀಕ್ಷಾ?" ಎನ್ನುತ್ತಾನೆ.

ನನ್ನ ಪಾಲಿಗೆ ಸಿಕ್ಕವಳು ಒಬ್ಬ ಅಜ್ಜಿ. ಮಣ್ಣಿನ ರಸಾಯನಶಾಸ್ತ್ರವನ್ನೆಲ್ಲ ಬೆವರು ಸುರಿಸಿ ವಿವರಿಸಿದೆ. ಅವಳು ಕಣ್ಣರಳಿಸಿ ಕೇಳಿ, ಕಡೆಗೆ ನನ್ನ ಬೆನ್ನು ಸವರಿ, "ನೌಕರಿ ಸಿಗಲಿಲ್ಲೇನೋ ಯಪ್ಪಾ?" ಎಂದಳು.

"ಪಾಸ್! ಅಜ್ಜಿ ನಿದ್ದಿ ಮಾಡಲಿಲ್ಲಲಾ!" ಎಂದು ಟವೆಲ್ಲಿನೊಳಗಿಂದ ಕೂಗು ಬಂತು. ಇದಕ್ಕಾಗಿ ನಾನು ಎಂ.ಎಸ್ಸಿ. ಓದಬೇಕಿತ್ತೆ?

ಹೋದ ತಿಂಗಳು ಮುನವಳ್ಳಿಯ ಹುಡುಗಿಯೊಬ್ಬಳು ಬಂದಳು. ನಾಲ್ಕು ಜನರೆದುರು ಬಾಯಿ ತೆರೆಯಲಾರದ ಅಂಜುಬುರುಕಿ. "ಇದರಾಗ ಫೇಲಾದ್ರ ನಾ ಓದೋದ ಬಿಟ್ಟಬಿಡತೇನ್ರಿ ಅಣ್ಣಾ" ಎಂದು ಬಸ್ ನಿಲ್ದಾಣದಲ್ಲೇ ಕಣ್ಣೊರೆಸಿಕೊಂಡಳು. ಈ ಮನುಷ್ಯನ ಹುಚ್ಚಾಟಕ್ಕೆ ಒಂದು ಹುಡುಗಿಯ ಓದು ಹಾಳಾಗಬೇಕೇ? ನನಗೆ ಮೈಯೆಲ್ಲ ಉರಿಯಿತು. ಜೊತೆಗೆ ನಾನೂ ಬಸ್ ಹತ್ತಿದೆ.

ಪಕ್ಕದ ಹೆಂಗಸು ಅವಳತ್ತ ತಿರುಗಿದಳು. ಹುಡುಗಿಯ ತುಟಿ ಅಲ್ಲಾಡಿತು, ದನಿ ಹೊರಡಲಿಲ್ಲ. ಹೆಂಗಸು ಕಿಟಕಿಗೆ ತಲೆಯಾನಿಸಿ ಗೊರಕೆ ಹೊಡೆದಳು. ಮುಗಿಯಿತಲ್ಲ!

ಆಗ ಸಾಹೇಬರು ಎದ್ದು ಬಂದು, ಹುಡುಗಿಯ ಈಚೆ ಬದಿಗೆ ಸೀಟಿನ ತುದಿಯಲ್ಲಿ ಕುಳಿತರು.

"ಯವ್ವಾ, ನಮ್ಮ ಹೊಲದಾಗ ಸವಳ ಬಿದ್ದೈತಿ. ನೀರ ಜಾಸ್ತಿ ಬಿಟ್ರ ಉಪ್ಪು ತೊಳದ ಹೋಗತೈತಿಲ್ಲ?"

ಸವಳು ಭೂಮಿಯ ಸಂಶೋಧನೆಯಲ್ಲೇ ಆಯುಷ್ಯ ಸವೆಸಿದ ಮನುಷ್ಯ ಕೇಳುವ ಪ್ರಶ್ನೆಯೇ ಇದು!

"ಅಯ್ಯ, ಹಂಗ ಮಾಡಬ್ಯಾಡ್ರಿ ಸರ್!" ಹುಡುಗಿ ಗಾಬರಿಯಲ್ಲಿ ಬಾಯಿಬಿಟ್ಟಳು. "ನೀರ ಬಸದ ಹೋಗಾಕ ಬಸಿಗಾಲುವಿ ಇಲ್ದ ನೀರ ಬಿಟ್ರ ಕೆಳಗಿನ ಉಪ್ಪೂ ಮ್ಯಾಲ ಬರತೈತ್ರಿ!"

"ಹೌದೇನ? ನನಗ ತಿಳೀಲಿಲ್ಲವಾ. ಇನ್ನೊಮ್ಮೆ ಹೇಳ."

ಅವಳು ಹೇಳಿದಳು. ಅವರು ಮತ್ತೆ ದಡ್ಡನಂತೆ ಕೇಳಿದರು. ಅವಳ ದನಿ ಏರಿತು. ಕೈ ಬೀಸಿ, ಬೈಯುವಂತೆ ತಿಳಿಸಿ ಹೇಳಿದಳು. ಮಲಗಿದ್ದ ಹೆಂಗಸೂ ಎದ್ದು ಕೇಳತೊಡಗಿದಳು. ರಾಮದುರ್ಗ ಬರುವವರೆಗೂ ಆ ಮನುಷ್ಯ ತನಗೇನೂ ಗೊತ್ತಿಲ್ಲವೆಂದು ತಲೆಯಾಡಿಸುತ್ತ ಕುಳಿತಿದ್ದರು.

ಇಳಿಯುವಾಗ, "ಈಗ ತಿಳೀತ ನೋಡವಾ" ಎಂದು ಅವಳಿಗೆ ಕೈಮುಗಿದರು. ಹುಡುಗಿ ನಕ್ಕಳು. ನನಗೆ ಮಾತ್ರ, ಮಾನ ಬಿಟ್ಟು ಹೇಳುತ್ತೇನೆ, ಅಳು ಬಂತು.