ಹುರುಳಿ ಮೇಲೆ ಹಿಮದ ಅಭ್ಯಾಸ

ಹಿಮದ ಮೇಲೆ ಕಾರು ಓಡಿಸುವುದು ಅಂಥ ಕಷ್ಟವೇನಲ್ಲ ಎಂಬುದು ನನಗೆ ತರೀಕೆರೆಯಲ್ಲಿ ಕೂತೇ ಗೊತ್ತಾಗಿಬಿಟ್ಟಿತ್ತು. ಮೊಬೈಲಿನಲ್ಲಿ ಯಾರೋ ಕೆನಡಾದವನು ಎಲ್ಲವನ್ನೂ ಹೇಳಿಕೊಟ್ಟಿದ್ದ. ಚಳಿಗಾಲದಲ್ಲಿ ಮನಾಲಿಗೆ ಹೋಗುವುದು, ಅಲ್ಲಿ ಬಾಡಿಗೆ ಕಾರು ಹಿಡಿದು ನಾವೇ ಓಡಿಸುವುದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ನಾವು ಎಂದರೆ ನಾನು, ಹೆಂಡತಿ ಗಿರಿಜೆ, ಕಡೂರಿನಲ್ಲಿರುವ ಅವಳ ತಮ್ಮ ಲೋಕೇಶ. ಸ್ಟೇರಿಂಗ್ ಯಾರ ಕೈಗೆ ಎಂಬುದೊಂದು ಬಾಕಿಯಿತ್ತು.

"ಲೋಕೇಶ ಓಡಿಸ್ಲಿ ಬಿಡಿ," ಎಂದಳು ಗಿರಿಜೆ. "ನೀವು ನಮ್ಮನೆ ಗೇಟಿಗೇ ಎರಡ್ಸಲ ಗುದ್ದಿದೀರ."

ಭಾವಮೈದುನನ ಹಿಂದೆ ಕೈಕಟ್ಟಿ ಕೂರುವುದೆ? ನನಗೆ ಮೈಯೆಲ್ಲ ಉರಿದುಹೋಯಿತು.

"ಮೊದ್ಲು ಇಲ್ಲೇ ಓಡ್ಸಿ ತೋರಿಸ್ತೀನಿ, ಆಮೇಲೆ ಮಾತಾಡು!"

"ತರೀಕೆರೇಲಿ ಹಿಮ ಎಲ್ಲಿಂದ ತರ್ತೀರಾ?"

ಅದಕ್ಕೂ ಉಪಾಯವಿತ್ತು. ಅಜ್ಜಂಪುರದ ಕಡೆ ಆಗ ಹುರುಳಿ ಒಕ್ಕಣೆಯ ಕಾಲ. ಬಸ್ಸು ಲಾರಿ ತುಳಿದು ಕಾಳು ಬಿಡಿಸಲಿ ಎಂದು ಒಣಗಿದ ಹುರುಳಿ ಗಿಡವನ್ನು ಟಾರು ರಸ್ತೆಯ ಮೇಲೇ ಹರಡುತ್ತಾರೆ. ಅದರ ಮೇಲೆ ಬೈಕಿನವರು ಜಾರಿ ಬೀಳುವುದನ್ನು ಕಣ್ಣಾರೆ ಕಂಡಿದ್ದೆ. ಜಾರುವುದು ಮುಖ್ಯ, ಬಿಳಿಯಾಗಿಯೇ ಇರಬೇಕೆಂದು ಯಾವ ಕಾನೂನಿದೆ?

ಸಿದ್ಧತೆ ಶಾಸ್ತ್ರೋಕ್ತವಾಗಿ ನಡೆಯಿತು. ಕೆನಡಾದವನ ಅಪ್ಪಣೆಯಂತೆ ಡಿಕ್ಕಿಯಲ್ಲಿ ಮರಳಿನ ಮೂಟೆ ಇಟ್ಟೆ. ಹಿಂದೆ ಭಾರವಿದ್ದರೆ ಕಾರು ಜಾರುವುದಿಲ್ಲವಂತೆ. ಕಂಬಳಿ, ಟಾರ್ಚು, ಫ್ಲಾಸ್ಕು ಬಂದವು. ನನಗೆ ಸ್ವೆಟರ್, ಮಂಕಿ ಕ್ಯಾಪು, ಉಣ್ಣೆಯ ಕೈಗವಸು. ಹೊರಗೆ ನಡುಮಧ್ಯಾಹ್ನದ ಬಿಸಿಲು! ಹಿಮದಲ್ಲಿ ಹಿಡಿತ ಸಿಗಲೆಂದು ಚಕ್ರಕ್ಕೆ ಸುತ್ತುವ ಸರಪಳಿಯೊಂದು ಬಾಕಿಯಿತ್ತು. ಅಜ್ಜಂಪುರದ ಅಂಗಡಿಯಲ್ಲಿ ದನ ಕಟ್ಟುವ ಸರಪಳಿ ಕೇಳಿದೆ.

"ಎಷ್ಟು ದನ ಸಾರ್?"

"ದನಕ್ಕಲ್ಲಪ್ಪಾ, ಕಾರಿಗೆ."

ಅಂಗಡಿಯವನು ನನ್ನ ಮಂಕಿ ಕ್ಯಾಪನ್ನೇ ನೋಡಿದ. "ಯಾಕ್ ಸಾರ್, ಓಡೋಗುತ್ತಾ?"

ಊರಾಚೆ ರುದ್ರಮ್ಮ ಎಂಬ ರೈತ ಹೆಂಗಸು ರಸ್ತೆಗೆ ಹುರುಳಿ ಹರಡಿ, ಉಳಿದದ್ದನ್ನು ಪಕ್ಕದಲ್ಲಿ ಮೆದೆ ಹಾಕಿಕೊಂಡು ಕೂತಿದ್ದರು. ಗಿರಿಜೆ ಇಳಿದು ಪರೀಕ್ಷಕಳಂತೆ ಹೊಂಗೆ ಮರದ ಕೆಳಗೆ ನಿಂತಳು. ನಾನು ಮುಂದಿನ ಚಕ್ರಗಳಿಗೆ ಸರಪಳಿ ಬಿಗಿದು ಹುರುಳಿಯನ್ನು ಪ್ರವೇಶಿಸಿದೆ. ಕಾರು ಜಾರಿತು. ಬ್ರೇಕ್ ಒತ್ತಬಾರದು, ಜಾರಿದ ಕಡೆಗೇ ತಿರುಗಿಸಬೇಕು ಎಂದಿದ್ದ ಕೆನಡಾದವನು. ತಿರುಗಿಸಿದೆ. ಕಾರು ನೆಟ್ಟಗೆ ಹೋಗಿ ಮೆದೆಯೊಳಗೆ ನುಗ್ಗಿತು!

ಇನ್ನು ಬೈಗುಳ ಎಂದುಕೊಂಡು ಮಂಕಿ ಕ್ಯಾಪನ್ನು ಕೆಳಗೆಳೆದುಕೊಂಡೆ.

"ನಿಲ್ಲಿಸ್ಬ್ಯಾಡಿ ಕಣ್ರೀ!" ರುದ್ರಮ್ಮ ಓಡಿಬಂದರು. "ಆ ಸರಪಣಿ ಏನ್ ಚೆನ್ನಾಗಿ ಕಾಳು ಉದುರಿಸ್ತೈತೆ! ಹಿಂದಕ್ಕೆ, ಮುಂದಕ್ಕೆ, ಹಂಗೇ ಆಡಿಸ್ರಿ!"

ಹೊರಬರಲು ನಾನು ಮಾಡುತ್ತಿದ್ದುದೂ ಅದನ್ನೇ. ಚಕ್ರ ತಿರುಗಿದಷ್ಟೂ ಕಾಳು ಚಟಪಟ ಸಿಡಿಯಿತು. ರುದ್ರಮ್ಮ ಗಿಡ ಮಗುಚಿ ಹಾಕುತ್ತಲೇ ಇದ್ದರು. ಕನ್ನಡಿಯಲ್ಲಿ ನೋಡುತ್ತೇನೆ, ಪರೀಕ್ಷಕಳು ಸೆರಗು ಕಟ್ಟಿ ಮೊರ ಹಿಡಿದು ಕಾಳು ತೂರುತ್ತಿದ್ದಾಳೆ! ನನ್ನ ಚಾಲನೆಯ ಕಡೆ ಅವಳ ಗಮನವೇ ಇರಲಿಲ್ಲ.

ಕಡೆಗೆ ಹುರುಳಿ ಬಳ್ಳಿಯೆಲ್ಲ ಚಕ್ರಕ್ಕೆ ಸುತ್ತಿಕೊಂಡು, ಸುಟ್ಟ ವಾಸನೆ ಬಂದು, ಕಾರು ನಿಂತೇಹೋಯಿತು. ಗಿರಿಜೆ ತಮ್ಮನಿಗೆ ಫೋನು ಮಾಡಿದಳು. ಲೋಕೇಶ ಕಡೂರಿನಿಂದ ಬೈಕಿನಲ್ಲಿ ಬಂದ. ಬಳ್ಳಿ ಕಿತ್ತ, ಸರಪಳಿ ಬಿಚ್ಚಿ ಎಸೆದ, ಕಾರನ್ನು ಬೆಣ್ಣೆಯಿಂದ ಕೂದಲು ತೆಗೆದಂತೆ ಹಿಂದಕ್ಕೆ ತೆಗೆದ. ನಗಲೂ ಇಲ್ಲ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು.

ರುದ್ರಮ್ಮ ಒಂದು ಚೀಲ ಹುರುಳಿ ತಂದು ನನ್ನ ಕೈಗಿತ್ತರು. "ಕೂಲಿ ಅನ್ಕಳಿ ಸಾ. ಬರೋ ವರ್ಷಾನೂ ಬನ್ನಿ."

ಮನಾಲಿಯಲ್ಲಿ ಬೇಕಾದಷ್ಟು ಹಿಮವಿತ್ತು. ಸ್ಟೇರಿಂಗ್ ಲೋಕೇಶನ ಕೈಯಲ್ಲಿತ್ತು. ಮುಂದಿನ ಇನ್ನೊಂದು ಸೀಟಾದರೂ ನನ್ನದಿರಲಿ ಎಂದು ಬಾಗಿಲು ತೆಗೆದರೆ ಅಲ್ಲಿ ಗಿರಿಜೆ ಕೂತಿದ್ದಳು.

"ನೀವು ಹಿಂದೆ ಕೂತ್ಕೊಳಿ," ಎಂದಳು. "ಹಿಂದೆ ಭಾರ ಬೇಕು ಅಂತ ನೀವೇ ಹೇಳಿದ್ರಲ್ಲ. ಇಲ್ಲಿ ಮರಳಿನ ಮೂಟೆ ಎಲ್ಲಿ ಹುಡುಕೋಣ?"

ಕೂತೆ. ಕಾರು ಎಲ್ಲೂ ಜಾರಲಿಲ್ಲ. ಹಿಮದಲ್ಲಿ ಸುರಕ್ಷಿತ ಚಾಲನೆಗೆ ನಾನು ನೀಡಿದ ಕೊಡುಗೆ ಒಟ್ಟು ಎಂಬತ್ತೆರಡು ಕೆಜಿ.