ಕುರ್ಚಿ ಮುರಿಯಲು ಸಹಾಯ ಬೇಕಾಗಿದೆ

ಬೇಕಾದಾಗ ಸಹಾಯ ಸಿಗುವುದಿಲ್ಲ ಎಂದು ಲೋಕವೆಲ್ಲ ಗೊಣಗುತ್ತದೆ. ನನ್ನ ವಿಷಯದಲ್ಲಿ ಹಾಗಲ್ಲ. ಕೇಳಿದಾಗಲೆಲ್ಲ ಸಹಾಯ ಸಿಗುತ್ತಲೇ ಇರುತ್ತದೆ. ಸಿಕ್ಕ ಮೇಲೆ ಮೊದಲಿಗಿಂತ ಹೆಚ್ಚು ದುಃಖವಾಗುತ್ತದೆ.

ನನ್ನ ಕೆಲಸ ಮುರಿಯುವುದು. ಕಾರ್ಖಾನೆಯವರು ಒಂದು ವಸ್ತು ಮಾಡುವ ಮೊದಲೇ ಅದನ್ನು ಕಂಪ್ಯೂಟರಿನೊಳಗೆ ಕಟ್ಟಿ, ಭಾರ ಹೇರಿ, ಎಲ್ಲಿ ಬಿರುಕು ಬಿಡುತ್ತದೆ ಎಂದು ಹೇಳಬೇಕು. ಇದಕ್ಕೆ ಸಿಮ್ಯುಲೇಶನ್ ಅನ್ನುತ್ತಾರೆ. ಯಲಹಂಕ ನ್ಯೂ ಟೌನಿನಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಹಿಂದೆ ಈ ಸೆಕ್ಷನ್ನಿನಲ್ಲಿ ಕ್ಯಾರಂ ಆಡುವಷ್ಟು ಜನ ಇದ್ದೆವು. ಒಬ್ಬೊಬ್ಬರೇ ಹೋಗಿ, ಈಗ ಸೆಕ್ಷನ್ ಅಂದರೆ ನಾನು ಮತ್ತು ನನ್ನ ತಲೆಯ ಮೇಲಿನ ಫ್ಯಾನು.

ನವರಾತ್ರಿ ಶುರುವಾಗುವ ಮುನ್ನ ಬಾಸ್ ಕರೆದರು. "ಯಶವಂತಪುರದ ಫ್ಯಾಕ್ಟರಿಯವ್ರದ್ದು ಸಾಲು ಕುರ್ಚಿ ಕಣ್ರೀ. ಆಸ್ಪತ್ರೆಗಳಲ್ಲಿ ಕಾಯೋರು ಕೂತ್ಕೋತಾರಲ್ಲ, ಅದು. ಹಬ್ಬದ ಮಾರನೇ ದಿನ ರಿಪೋರ್ಟ್ ಕೊಡ್ಬೇಕು. ಇದೂ ಕೈತಪ್ಪಿದ್ರೆ ನಿಮ್ ಸೆಕ್ಷನ್ ಮುಚ್ಚೋದೇ. ಬೇಜಾರ್ ಮಾಡ್ಕೋಬೇಡಿ."

ನಾನು ಬೇಜಾರು ಮಾಡಿಕೊಂಡೆ. ತಲೆ ನರೆತವನನ್ನು ಈಗ ಯಾರು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ? ಭಯದಲ್ಲೇ ಕುರ್ಚಿ ಕಟ್ಟಿ, ಭಾರ ಹೇರಿ, ಗುಂಡಿ ಒತ್ತಿದೆ. ಸಾಫ್ಟ್‌ವೇರು ಅರ್ಧ ದಾರಿಯಲ್ಲಿ ನಿಂತು, ಒಂದು ಎರರ್ ನಂಬರ್ ತೋರಿಸಿ ಸುಮ್ಮನಾಯಿತು. ಏನು ಮಾಡಿದರೂ ಅದೇ ನಂಬರು.

ಹೆಲ್ಪ್ ಗುಂಡಿ

ಮೊದಲು ಹೆಲ್ಪ್ ಗುಂಡಿ ಒತ್ತಿದೆ. ಆ ನಂಬರಿನ ಕೆಳಗೆ ಹೀಗೆ ಬರೆದಿತ್ತು: "ಲೆಕ್ಕ ಪೂರ್ಣಗೊಳ್ಳದಿದ್ದಾಗ ಈ ದೋಷ ಕಾಣಿಸುತ್ತದೆ. ನಿಮ್ಮ ಸಿಸ್ಟಮ್ ಅಡ್ಮಿನಿಸ್ಟ್ರೇಟರನ್ನು ಸಂಪರ್ಕಿಸಿ."

ಲೆಕ್ಕ ಪೂರ್ಣಗೊಂಡಿಲ್ಲ ಅನ್ನುವುದು ನನಗೂ ಗೊತ್ತಿತ್ತು. ಇನ್ನು ಅಡ್ಮಿನಿಸ್ಟ್ರೇಟರು. ಆ ಕೆಲಸದವರು ಬಿಟ್ಟು ಹೋದ ಮೇಲೆ ಬಾಸ್ ಅದನ್ನೂ ಅಕೌಂಟ್ಸ್ ಮೇಡಂ ತಲೆಗೆ ಕಟ್ಟಿದ್ದರು. ಹತ್ತಿರದ ಕೋಗಿಲಿನಿಂದ ಬರುವ, ಯಾರಿಗೂ ಇಲ್ಲ ಅನ್ನದ ಹೆಂಗಸು ಅವರು. ಕನ್ನಡಕ ಏರಿಸಿಕೊಂಡು ಬಂದು ಪರದೆಯನ್ನು ಬಹಳ ಹೊತ್ತು ನೋಡಿದರು.

"ಆಫ್ ಮಾಡಿ ಆನ್ ಮಾಡಿದ್ರಾ ಸರ್?"

"ಮಾಡ್ದೆ ಮೇಡಂ."

ಅವರ ಮುಖ ಸಣ್ಣಗಾಯಿತು. "ನಂಗೆ ಬರೋದು ಅದೊಂದೇ. ಅದನ್ನೂ ನೀವೇ ಮಾಡ್ಬಿಟ್ರೆ ನನ್ನ ಯಾಕ್ ಕರೆದ್ರಿ?"

ಸಹಾಯವಾಣಿ

ಸಾಫ್ಟ್‌ವೇರು ಮಾರಿದ ಏಜೆನ್ಸಿ ಹೆಬ್ಬಾಳದಲ್ಲಿದೆ. ಅವರ ಸಹಾಯವಾಣಿಗೆ ಫೋನು ಮಾಡಿದೆ. ಸಂಜೆ ಟ್ರಾಫಿಕ್ಕಿನಲ್ಲಿ ಹೆಬ್ಬಾಳ ಫ್ಲೈಓವರ್ ದಾಟುವಷ್ಟು ಸಮಯ ಫೋನಿನಲ್ಲಿ ಕೊಳಲು ಕೇಳಿಸಿದ ಮೇಲೆ ಒಬ್ಬ ಎಂಜಿನಿಯರ್ ಸಿಕ್ಕಿದ. ನಂಬರು ಹೇಳಿದ್ದೇ ತಡ, "ಒಂದ್ ನಿಮಿಷ ಸರ್" ಎಂದವನು ಹೆಲ್ಪ್ ಪುಟದ ಅದೇ ಸಾಲನ್ನು ನನಗೆ ಓದಿ ಹೇಳಿದ.

"ಅದನ್ನ ನಾನೂ ಓದಿದೀನಪ್ಪ."

"ಅರ್ಥ ಆಯ್ತಾ ಸರ್?"

"ಇಲ್ಲ."

"ನಮಗೂ ಆಗಿಲ್ಲ ಸರ್." ಹುಡುಗನ ದನಿ ಇಳಿಯಿತು. "ಗೊತ್ತಿದ್ದೋರು ಒಬ್ರೇ ಇದ್ರು, ಅವ್ರು ಬೇರೆ ಕಡೆ ಹೋದ್ರು. ನಿಮಗೇನಾದ್ರೂ ಉತ್ತರ ಸಿಕ್ರೆ ದಯವಿಟ್ಟು ನಮಗೊಂದು ಮೇಲ್ ಹಾಕಿ. ಇನ್ನೂ ಸುಮಾರ್ ಜನ ಕೇಳ್ತಾ ಇದಾರೆ."

ಮತ್ತಿಕೆರೆಯ ಮೇಷ್ಟರು

ಮತ್ತಿಕೆರೆಯಲ್ಲಿ ಈ ಸಾಫ್ಟ್‌ವೇರನ್ನೇ ಕಲಿಸುವ ಒಂದು ಟ್ಯೂಷನ್ ಕೇಂದ್ರವಿದೆ ಎಂದು ಯಾರೋ ಹೇಳಿದರು. ಲ್ಯಾಪ್‌ಟಾಪು ಕಂಕುಳಲ್ಲಿ ಇರುಕಿಕೊಂಡು ಹೋದೆ. ಪಿಜಿ ಹಾಸ್ಟೆಲೊಂದರ ಪಕ್ಕದ ಕೋಣೆ. ನನ್ನ ಮಗಳ ವಯಸ್ಸಿನ ವಿದ್ಯಾರ್ಥಿಗಳು. ಎಲ್ಲರ ಪರದೆಯ ಮೇಲೂ ಒಂದೇ ಚಿತ್ರ: ಗೋಡೆಯಿಂದ ಹೊರಚಾಚಿದ ಒಂದು ಕಬ್ಬಿಣದ ತೊಲೆ, ತುದಿಯಲ್ಲಿ ಭಾರ. ನಾನು ಕಲಿಯುವಾಗಲೂ ಅದೇ ತೊಲೆ. ಪಾಪ, ಇಷ್ಟು ವರ್ಷದಿಂದ ಬಗ್ಗುತ್ತಲೇ ಇದೆ.

ಮೇಷ್ಟರು ನನ್ನ ಕುರ್ಚಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದನ್ನ ತೊಲೆ ಅಂತ ಅನ್ಕೊಳಿ ಸರ್."

"ಇದು ಕುರ್ಚಿ."

"ಇರ್ಬೋದು. ನಮ್ ಸಿಲಬಸ್ಸಲ್ಲಿ ಕುರ್ಚಿ ಇಲ್ಲ."

ಎದ್ದು ಬರುವಾಗ ಒಬ್ಬ ಹುಡುಗಿ ಮೆಟ್ಟಿಲವರೆಗೂ ಓಡಿ ಬಂದಳು. ಈ ಕೆಲಸ ಮಾಡುವ ನಿಜವಾದ ಮನುಷ್ಯನನ್ನು ಅವಳು ಕಂಡದ್ದು ಇದೇ ಮೊದಲಂತೆ. "ಸರ್, ಈ ಫೀಲ್ಡಲ್ಲಿ ಸ್ಕೋಪ್ ಹೇಗಿದೆ?" ಎಂದು ಕೇಳಿದಳು. "ತೊಲೆ ಚೆನ್ನಾಗಿ ಕಲಿಯಮ್ಮ" ಎಂದು ಹೇಳಿ ಬಸ್ಸು ಹತ್ತಿದೆ.

ಪೂಜೆಗಿಟ್ಟ ಪುಸ್ತಕ

ಆಗ ಹೊಳೆಯಿತು. ಬಹಳ ಹಿಂದೆ ಸಾಫ್ಟ್‌ವೇರಿನ ಜೊತೆ ಒಂದು ದಪ್ಪ ಕೈಪಿಡಿ ಅಚ್ಚಾಗಿ ಬಂದಿತ್ತು. ಬಾಸ್ ಅದನ್ನು ತಮ್ಮ ಕಂಪ್ಯೂಟರ್ ಪರದೆಯ ಕೆಳಗೆ ಎತ್ತರಕ್ಕೆ ಇಟ್ಟುಕೊಂಡಿದ್ದರು. ಆಯುಧಪೂಜೆಯ ದಿನ ಬೆಳಿಗ್ಗೆ ಅದನ್ನು ತರಲು ಅವರ ಕೋಣೆಗೆ ಹೋದರೆ ಪರದೆ ಕುಳ್ಳಗಾಗಿತ್ತು. ಪುಸ್ತಕ ಹೊರಗೆ ಸರಸ್ವತಿ ಪಟದ ಮುಂದೆ, ಅರಿಸಿನ ಕುಂಕುಮ ಮೆತ್ತಿಕೊಂಡು, ಸೇವಂತಿಗೆ ಮುಡಿದು ಕೂತಿತ್ತು.

ಕೈ ಚಾಚಿದೆ. ಅಕೌಂಟ್ಸ್ ಮೇಡಂ ಹಾ ಹಾ ಎಂದು ಅಡ್ಡ ಬಂದರು. "ಪೂಜೆಗಿಟ್ಟಿದ್ದನ್ನ ಓದ್ಬಾರ್ದು ಸರ್! ವಿಜಯದಶಮಿ ದಿನ ಕದಲಿಸಿ ತೆಗೀಬೇಕು."

"ಮೇಡಂ, ನನ್ ಕೆಲಸ ಹೋಗುತ್ತೆ."

"ವಿದ್ಯೆ ಹೋದ್ರೆ ಕೆಲಸ ಇಟ್ಕೊಂಡ್ ಏನ್ಮಾಡ್ತೀರಾ?"

ಇಷ್ಟು ವರ್ಷ ಯಾರೂ ತೆರೆಯದ ಪುಸ್ತಕ, ಬೇಕಾದ ದಿನ ದೇವರಾಗಿತ್ತು. ವಿಜಯದಶಮಿಯಂದು ರಜೆಯಿದ್ದರೂ ವಿದ್ಯಾರಣ್ಯಪುರದಿಂದ ನಾನು, ಕೋಗಿಲಿನಿಂದ ಮೇಡಂ ಆಫೀಸಿಗೆ ಬಂದೆವು. ಮಂಗಳಾರತಿ ಆಯಿತು. ಮೇಡಂ ಪುಸ್ತಕವನ್ನು ಎರಡೂ ಕೈಯಿಂದ ಕದಲಿಸಿ, ಕಣ್ಣಿಗೊತ್ತಿಕೊಂಡು ಕೊಟ್ಟರು. "ಇವತ್ತು ಸ್ವಲ್ಪನಾದ್ರೂ ಜೋರಾಗಿ ಓದ್ಬೇಕು ಸರ್" ಎಂದು ಕೈಮುಗಿದು ನಿಂತರು. ಆ ನಂಬರನ್ನು ಹುಡುಕಿ ಓದಿದೆ. "ಈ ದೋಷವು ನಮ್ಮ ಗಮನಕ್ಕೆ ಬಂದಿದ್ದು, ಮುಂದಿನ ಆವೃತ್ತಿಯಲ್ಲಿ ನಿವಾರಣೆಯಾಗಲಿದೆ."

ಅದರ ಮುಂದಿನ ಎಷ್ಟೋ ಆವೃತ್ತಿಗಳು ಬಂದು ಹೋಗಿದ್ದವು. ನಾನು ಪುಸ್ತಕ ಮುಚ್ಚಿದೆ. ಮೇಡಂ ಮುಖ ಮಾತ್ರ ಅರಳಿತ್ತು. "ನಿವಾರಣೆ ಆಗುತ್ತೆ ಅಂತಾನೇ ಬಂತಲ್ಲ ಸರ್! ಒಳ್ಳೇ ಶಕುನ."

ಅಡುಗೆ ಭಟ್ಟರು

ಮಾರನೇ ದಿನ ಯಶವಂತಪುರಕ್ಕೆ ಹೋದೆ. ರಿಪೋರ್ಟಿಲ್ಲ. ಕಾಲಿಗೆ ಬಿದ್ದಾದರೂ ಒಂದು ವಾರ ಕೇಳಬೇಕು ಎಂದು ನಿಶ್ಚಯಿಸಿದ್ದೆ. ಕಾರ್ಖಾನೆಯ ಮಾಲೀಕರು ನನ್ನನ್ನು ಬಾಯಿ ತೆರೆಯಲು ಬಿಡಲಿಲ್ಲ.

"ಬನ್ನಿ ಬನ್ನಿ. ರಿಪೋರ್ಟ್ ಬೇಡ. ಒಂದು ಕುರ್ಚಿ ಮಾಡೇ ಬಿಟ್ವಿ. ಪೂಜೆ ದಿನ ಊಟ ಆದ್ಮೇಲೆ ನಮ್ ಕ್ಯಾಂಟೀನ್ ಭಟ್ರನ್ನ ಅದರ ಮೇಲೆ ಕೂರ್ಸಿದ್ವಿ. ಅಲ್ಲಾಡ್ಲಿಲ್ಲ. ಅಲ್ಲೇ ನಿದ್ದೆನೂ ಮಾಡಿದ್ರು."

ಮೂಲೆಯಲ್ಲಿ ಭಟ್ಟರು ಕಂಡರು. ಬಾಗಿಲಿಗಿಂತ ಅಗಲ. ನನ್ನನ್ನು ಕಂಡು ಸಂಕೋಚದಿಂದ ನಕ್ಕರು. ನನ್ನ ಜೀವಮಾನದ ವಿದ್ಯೆಯನ್ನು ಆ ಮನುಷ್ಯ ಒಂದು ಮಧ್ಯಾಹ್ನದ ನಿದ್ದೆಯಲ್ಲಿ ಮುಗಿಸಿದ್ದರು.

ಅಲ್ಲಿಂದಲೇ ಬಾಸ್‌ಗೆ ಫೋನು ಮಾಡಿದೆ. ಅವರು "ಹಾಗಾದ್ರೆ ಈ ತಿಂಗಳು ಮುಗಿಸ್ಕೊಂಡ್ ಬಿಡಿ, ಸೆಕ್ಷನ್ ಮುಚ್ಚೋಣ" ಎಂದರು. ಅವರಿಗೂ ಬೇಜಾರಿತ್ತು. ಫೋನು ಜೇಬಿಗಿಟ್ಟು ನಿಂತೆ. ಕಣ್ಣು ತುಂಬಿತ್ತು, ಗ್ರೈಂಡಿಂಗ್ ಧೂಳು ಎಂದು ಒರೆಸಿಕೊಂಡೆ.

ಮಾಲೀಕರಿಗೆ ಕೇಳಿಸಿರಬೇಕು. ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟರು. ಒಳ್ಳೆಯ ಮನುಷ್ಯ. "ಯೋಚ್ನೆ ಮಾಡ್ಬೇಡಿ ಸಾರ್. ಇನ್ಮೇಲೆ ಎಲ್ಲಾ ಕುರ್ಚಿನೂ ಹಿಂಗೇ ಟೆಸ್ಟ್ ಮಾಡೋದು ಅಂತ ಇದೀವಿ. ಭಟ್ರೊಬ್ರಿಗೇ ಆಗಲ್ಲ, ಅಡುಗೆನೂ ಮಾಡ್ಬೇಕು. ಇನ್ನೊಬ್ರನ್ನ ತಗೋಬೇಕು."

ಹೋದ ಜೀವ ಬಂದಂತಾಯಿತು. "ನನಗೆ ಇದೇ ಕೆಲಸದಲ್ಲಿ ತುಂಬಾ ಅನುಭವ ಇದೆ ಸರ್" ಎಂದೆ, ನಾಚಿಕೆ ಬಿಟ್ಟು.

ಅವರು ಒಂದು ಹೆಜ್ಜೆ ಹಿಂದೆ ಸರಿದು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಭಟ್ಟರ ಕಡೆ ತಿರುಗಿದರು. ಭಟ್ಟರು ಬಹಳ ನೊಂದುಕೊಂಡು ತಲೆ ಅಡ್ಡಡ್ಡ ಆಡಿಸಿದರು.

"ಈಗ್ಲೇ ಆಗಲ್ಲ ಸಾರ್" ಎಂದರು ಮಾಲೀಕರು. "ಆರು ತಿಂಗಳು ಇಲ್ಲೇ ಊಟ ಮಾಡಿ, ಆಮೇಲೆ ನೋಡೋಣ."