ಅಲೆ ಹಿಡಿಯಾಕ ಹೊಂಟವರ ಫಜೀತಿ

ನಾನು ಸಿಂಧನೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುವವಳು. ಗುರುತ್ವದ ಅಲೆ ಅಂತ ಬಾಯಿ ತೆರೆದ ದಿನ ಏನಾದರೊಂದು ಫಜೀತಿ ಆಗದೆ ಮನೆ ಸೇರಿದ್ದೇ ಇಲ್ಲ. ದೂರದ ಆಕಾಶದಲ್ಲಿ ಎರಡು ಕಪ್ಪುಕುಳಿ ಡಿಕ್ಕಿ ಹೊಡೆದರೆ ಎದ್ದ ಅಲೆ ನಮ್ಮ ತನಕ ಬರುತ್ತದೆ. ಬಂದಾಗ ನೆಲ, ಗೋಡೆ, ನಾವು, ನೀವು ಎಲ್ಲ ಗೊತ್ತೇ ಆಗದಷ್ಟು ಹಿಗ್ಗಿ ಕುಗ್ಗುತ್ತೇವೆ. ಅದನ್ನು ಹಿಡಿಯುವ ಯಂತ್ರದ ಪುಟ್ಟ ಮಾದರಿಯೊಂದನ್ನು ಲೇಸರ್, ಕನ್ನಡಿ ಜೋಡಿಸಿ ಮಾಡಿಕೊಂಡಿದ್ದೇನೆ. ಅಲೆ ಅದಕ್ಕೆ ಸಿಗುವುದಿಲ್ಲ, ಮಕ್ಕಳಿಗೆ ತೋರಿಸಲಿಕ್ಕೆ ಅಷ್ಟೇ.

ಬಸ್ಸಿನಲ್ಲಿ

ಲಿಂಗಸುಗೂರಿನ ಶಾಲೆಗೆ ಹೊರಟಿದ್ದೆ. ತೊಡೆಯ ಮೇಲೆ ಮಾದರಿಯ ಡಬ್ಬಿ.

"ಏನೈತ್ರಿ ಮೇಡಂ ಅದರಾಗ?" ಎಂದ ಕಂಡಕ್ಟರ್.

"ಅಲೆ ಹಿಡಿಯೋ ಯಂತ್ರರಿ."

"ಸಿಕ್ಕೈತೇನ್ರಿ?"

"ಇನ್ನೂ ಇಲ್ಲರಿ."

ಪಕ್ಕದಲ್ಲಿ ಕೂತಿದ್ದ ಅಜ್ಜಿ ಗಡಬಡಿಸಿ ಎರಡೂ ಕಾಲು ಸೀಟಿನ ಮೇಲೆ ಎಳೆದುಕೊಂಡಳು. "ಯವ್ವಾ, ಹಂಗಾರ ಅದು ಇನ್ನೂ ಬಸ್ಸಿನ್ಯಾಗ ತಿರುಗಾಡಾಕತ್ತೈತೇನ?"

ಮುಖ್ಯ ಅತಿಥಿ

ನಮ್ಮ ಕಾಲೇಜಿನ ವಿಜ್ಞಾನ ಪ್ರದರ್ಶನ. ಲೇಸರ್ ಬೆಳಕು ಗೋಡೆಯ ಮೇಲೆ ಉಂಗುರ ಉಂಗುರವಾಗಿ ಮೂಡಿತ್ತು. ಟೇಬಲ್ ಕೂದಲೆಳೆಯಷ್ಟು ಅಲುಗಿದರೂ ಉಂಗುರ ಕುಣಿಯುತ್ತವೆ. "ಯಾರೂ ಮಿಸುಕಬ್ಯಾಡ್ರಿ" ಎಂದು ಎಲ್ಲರನ್ನೂ ಗೋಡೆಗೆ ಒತ್ತಿ ನಿಲ್ಲಿಸಿದ್ದೆ.

ಅಷ್ಟರಲ್ಲಿ ಮುಖ್ಯ ಅತಿಥಿಗಳು ಹಿಂಬಾಲಕರ ದಂಡು ಕಟ್ಟಿಕೊಂಡು ದಬದಬ ಒಳಗೆ ಬಂದರು. ಉಂಗುರಗಳು ಹುಚ್ಚೆದ್ದು ಕುಣಿದವು.

"ಬಂತೇನ್ರಿ ಅಲೆ?" ಎಂದರು ಖುಷಿಯಿಂದ.

"ಅಲೆ ಅಲ್ಲರಿ ಸಾಹೇಬ್ರ, ನೀವು ಬಂದ್ರಿ" ಎಂದೆ.

ಹಿಂದೆಯೇ ಇದ್ದ ಹಿಂಬಾಲಕನೊಬ್ಬ ಮೈಕಿಗೆ ಓಡಿದ. "ನಮ್ಮ ಸಾಹೇಬ್ರು ಕಾಲಿಟ್ಟ ಕೂಡ್ಲೇ ಬ್ರಹ್ಮಾಂಡನ ನಡುಗೈತಿ! ಜೋರಾಗಿ ಚಪ್ಪಾಳಿ!"

ಮಸ್ಕಿಯ ಖಾಲಾ

ನಿಜವಾದ ಯಂತ್ರಕ್ಕೆ ಅದುರದ ನೆಲ ಬೇಕು. ಅಂಥ ಜಾಗ ಹುಡುಕುವ ತಂಡದ ಹಿರಿಯ ವಿಜ್ಞಾನಿ ಒಬ್ಬರು ಮಸ್ಕಿಗೆ ಬಂದರು, ನಾನೂ ಜೊತೆಗಿದ್ದೆ. ಅವರಿಗೆ ಇದ್ದದ್ದು ಅದೊಂದೇ ದಿನ. ನಮ್ಮ ಸೀಮೆಯ ಹೆಸರು ಪಟ್ಟಿಯಲ್ಲಿ ಉಳಿಯಲಿ ಎಂದು ನನಗೆ ಒಳಗೊಳಗೇ ಆಸೆ. ಗುಡ್ಡದ ಬುಡದಲ್ಲಿ ನೆಲದ ಅದುರು ಅಳೆಯುವ ಉಪಕರಣ ಇಟ್ಟೆವು. ಪರದೆಯ ಮೇಲೆ ಗೆರೆ ನೆಟ್ಟಗೆ ಓಡುತ್ತಿದ್ದದ್ದು ಒಮ್ಮೆಲೇ ಧಡ್, ಧಡ್ ಎಂದು ಎಗರತೊಡಗಿತು. ವಿಜ್ಞಾನಿಗಳ ಮುಖ ಸಪ್ಪಗಾಯಿತು.

ಸಪ್ಪಳದ ಬೆನ್ನು ಹತ್ತಿ ಹೋದರೆ, ಹತ್ತಿರದ ಮನೆಯ ಅಂಗಳದಲ್ಲಿ ನಮ್ಮ ಕಡೆ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವಂಥ ವಯಸ್ಸಾದ ಮುಸ್ಲಿಂ ಹೆಂಗಸೊಬ್ಬರು ಒರಳಿನಲ್ಲಿ ಒಣಮೆಣಸಿನಕಾಯಿ ಕುಟ್ಟುತ್ತಿದ್ದರು.

"ಖಾಲಾ, ಒಂದ್ ಸ್ವಲ್ಪ ನಿಲ್ಲಸ್ರಿ" ಎಂದೆ ಸೀನುತ್ತ.

"ಯಾಕ್ ಬೇಟಿ?"

"ಆಕಾಶದಿಂದ ಒಂದು ಅಲೆ ಬರ್ತೈತ್ರಿ. ಅದನ್ನ ಹಿಡಿಯಾಕ ಇಲ್ಲಿ ಜಾಗ ನೋಡಾಕತ್ತೀವಿ. ನೆಲ ಅದುರಿದ್ರ ಸಿಗಂಗಿಲ್ಲ."

"ಯಾವಾಗ ಹೊಂಟೈತಿ ಅದು?"

"ಕೋಟಿಗಟ್ಟಲೆ ವರ್ಷದ ಹಿಂದರಿ."

ಖಾಲಾ ಒನಕೆ ಎತ್ತಿದವರು ಹಾಗೇ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಅಷ್ಟು ವರ್ಷ ನಡಕೋತ ಬಂದೈತಿ, ದಣಿದಿರ್ತೈತಿ. ಕರಕೊಂಡ್ ಬಾ, ಕಟ್ಟಿ ಮ್ಯಾಲ ಕುಂದ್ರಲಿ. ಖಾರ ಕುಟ್ಟಿದ ಮ್ಯಾಲ ಚಾ ಮಾಡ್ಕೊಡ್ತೀನಿ!"